ಪವರ್ ಇಲ್ಲದ ಲೆನ್ಸಿಗೂ ಕಣ್ಣಿನ ಅಳತೆ ಬೇಕು

"ಪವರ್ ಇಲ್ಲ ಮೇಡಂ, ಸುಮ್ನೆ ಕಲರ್‌ಗೆ ಅಷ್ಟೆ."

ಲಗ್ನದ ದಿನಗಳಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಹೇಳುವವರು ಒಂದು ಕಣ್ಣಿಗೆ ಕರ್ಚೀಫ್ ಒತ್ತಿಕೊಂಡು ಕೂತಿರುತ್ತಾರೆ. ಬಿಳಿಗುಡ್ಡೆ ಪೂರ್ತಿ ಕೆಂಪಾಗಿರುತ್ತದೆ. ಟ್ಯೂಬ್‌ಲೈಟ್ ಕಡೆ ತಲೆ ಎತ್ತುವುದಕ್ಕೂ ಆಗುತ್ತಿರುವುದಿಲ್ಲ. "ಲೆನ್ಸ್ ಹಾಕ್ತೀಯೇನಮ್ಮಾ?" ಎಂದು ಕೇಳಿದರೆ ಮೊದಲು "ಇಲ್ಲ" ಎಂದೇ ಹೇಳುತ್ತಾರೆ. ಅದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಲೆನ್ಸ್ ಅಂದರೆ ಕನ್ನಡಕದ ನಂಬರ್ ಇರುವವರು ಹಾಕುವುದು. ಹೇಝಲ್, ಗ್ರೇ, ಹನಿ (ಜೇನಿನ ಬಣ್ಣ) ಅಂತ ಬರುವ ಬಣ್ಣದ ಕಾಂಟ್ಯಾಕ್ಟ್ ಲೆನ್ಸು ಕಾಡಿಗೆ, ಲಿಪ್‌ಸ್ಟಿಕ್ ಸಾಲಿಗೆ ಸೇರಿದ್ದು.

ದಾವಣಗೆರೆಯಲ್ಲಿ 21 ವರ್ಷದಿಂದ ಕಣ್ಣು ನೋಡುತ್ತಿದ್ದೇನೆ. ಕೈ ತೊಳೆಯಿರಿ, ಇನ್ನೊಬ್ಬರದ್ದು ಹಾಕಬೇಡಿ, ಹಾಕಿಕೊಂಡು ಮಲಗಬೇಡಿ, ಇವೆಲ್ಲ ಡಬ್ಬಿಯ ಮೇಲೇ ಬರೆದಿರುತ್ತದೆ. ನಾನು ಮತ್ತೆ ಹೇಳಬೇಕಾಗಿಲ್ಲ. ಹೇಳಿ ಹೇಳಿ ನನಗೆ ಸಾಕಾಗಿರುವುದು ಬೇರೆ ಒಂದು ಮಾತು. ಲೆನ್ಸಿಗೆ ಪವರ್ ಇದೆಯೋ ಇಲ್ಲವೋ ಅನ್ನುವುದು ಕಣ್ಣಿನ ಮೇಲ್ಪದರಕ್ಕೆ ಗೊತ್ತೇ ಆಗುವುದಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪವರ್ ಅನ್ನುವುದು ಲೆನ್ಸು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಲೆಕ್ಕ. ಅದು ನೋಟದ ವಿಷಯ. ಲೆನ್ಸ್ ಕೂರುವುದು ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪದರದ ಮೇಲೆ, ಕಾರ್ನಿಯಾದ ಮೇಲೆ. ಅದರ ದಪ್ಪ ಮಧ್ಯದಲ್ಲಿ ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ, ಅಷ್ಟೆ. ಅದರಲ್ಲಿ ಒಂದೇ ಒಂದು ರಕ್ತನಾಳ ಇಲ್ಲ. ಹಾಗಿರುವುದರಿಂದಲೇ ಅದು ಅಷ್ಟು ತಿಳಿಯಾಗಿದೆ. ರಕ್ತ ಹರಿಯದ ಮೇಲೆ ಆಕ್ಸಿಜನ್ ಎಲ್ಲಿಂದ ಬರಬೇಕು? ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ. ನಾವು ಮಲಗಿದಾಗ ರೆಪ್ಪೆಯ ಒಳಮೈಯಿಂದ ಬರುತ್ತದೆ. ಆದರೆ ಅದು ಕಣ್ಣು ತೆರೆದಿದ್ದಾಗ ಸಿಗುವುದರ ಮೂರರಲ್ಲಿ ಒಂದು ಪಾಲು ಮಾತ್ರ. ಈ ದಾರಿಗೆ ಅಡ್ಡಲಾಗಿ ಒಂದು ಪ್ಲಾಸ್ಟಿಕ್ ಬಟ್ಟಲು ಕೂರಿಸುತ್ತೇವೆ. ಅದರ ಪವರ್ ಮೈನಸ್ ಆರಾದರೇನು, ಸೊನ್ನೆಯಾದರೇನು? ಬಟ್ಟಲು ಬಟ್ಟಲೇ. ಬಣ್ಣದ್ದಾದರೆ ಇನ್ನೂ ಸ್ವಲ್ಪ ಕಷ್ಟ, ಏಕೆಂದರೆ ಅನೇಕ ಬಣ್ಣದ ಲೆನ್ಸುಗಳನ್ನು ಈಗಲೂ ಹಳೆಯ ಕಾಲದ, ಗಾಳಿ ಕಡಿಮೆ ಬಿಡುವ ವಸ್ತುವಿನಿಂದಲೇ ಮಾಡುತ್ತಾರೆ.

ಬಳೆ ಅಂಗಡಿಗೆ ಹೋಗಿ ನೋಡಿ. ಬಳೆಗಾರರು ಮೊದಲು ಕೈ ಹಿಡಿದು ನೋಡುತ್ತಾರೆ. ಎರಡು ನಾಲ್ಕೋ, ಎರಡು ಆರೋ ಅಂತ ಹೇಳುತ್ತಾರೆ. ಆಮೇಲೆ ಹಸಿರೋ ಕೆಂಪೋ ಅನ್ನುವ ಮಾತು. ಗಾಜಿನ ಬಳೆಗೆ ನಾವು ಕೊಡುವ ಈ ಮರ್ಯಾದೆಯನ್ನು ಕಣ್ಣಿಗೆ ಏಕೆ ಕೊಡುವುದಿಲ್ಲ? ಕಾರ್ನಿಯಾದ ಉಬ್ಬು ಒಬ್ಬೊಬ್ಬರದ್ದು ಒಂದೊಂದು ಥರ. ಲೆನ್ಸಿನ ಡಬ್ಬಿ ತಿರುಗಿಸಿ ನೋಡಿದರೆ 8.4, 8.6, 8.8 ಅಂತ ಒಂದು ಅಂಕಿ, 14.0, 14.2, 14.5 ಅಂತ ಇನ್ನೊಂದು ಅಂಕಿ ಕಾಣುತ್ತವೆ. ಮೊದಲನೆಯದು ಬಟ್ಟಲಿನ ಬಾಗು, ಎರಡನೆಯದು ಅಗಲ. ಬಣ್ಣದ ಲೆನ್ಸುಗಳು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತವೆ. ಕೂತವರಿಗೆ ಕೂತಿತು, ಇಲ್ಲದಿದ್ದರೆ ಇಲ್ಲ.

ಇಲ್ಲಿ ಜನ ಇನ್ನೊಂದು ಮಾತು ಹೇಳುತ್ತಾರೆ. "ಹಾಕಿದ್ದೇ ಗೊತ್ತಾಗಲ್ಲ ಮೇಡಂ, ಅಷ್ಟು ಕಂಫರ್ಟ್." ಇದನ್ನು ಕೇಳಿದಾಗಲೇ ನನಗೆ ಹೆಚ್ಚು ದಿಗಿಲಾಗುವುದು. ಸರಿಯಾಗಿ ಕೂತ ಲೆನ್ಸು ಪ್ರತಿ ಸಲ ರೆಪ್ಪೆ ಮಿಟುಕಿಸಿದಾಗ ಚೂರೇ ಚೂರು ಜರುಗಬೇಕು. ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್. ಹಾಗೆ ಜರುಗಿದರೆ ಅದರಡಿಯ ಹಳೇ ಕಣ್ಣೀರು ಹೊರಗೆ ಹೋಗಿ ಹೊಸದು ಬರುತ್ತದೆ. ಬಿಗಿಯಾದ ಲೆನ್ಸು ಜರುಗುವುದೇ ಇಲ್ಲ. ಜರುಗದಿದ್ದರೆ ರೆಪ್ಪೆಗೆ ಏನೂ ತಾಗುವುದಿಲ್ಲ, ಆದ್ದರಿಂದ ಮೊದಲ ಕೆಲವು ಗಂಟೆ ಅದೇ ತುಂಬ ಹಿತ ಅನ್ನಿಸುತ್ತದೆ. ನಾವು ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ, ನೋಡುತ್ತಾ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ ಲೆನ್ಸನ್ನು ತಳ್ಳುತ್ತೇವೆ. ಸುಲಭವಾಗಿ ಜರುಗಿ ವಾಪಸ್ ಬಂದರೆ ಸರಿ. ಅಂಟಿಕೊಂಡು ಕೂತರೆ ಬಿಗಿ. ಒಂದು ನಿಮಿಷದ ಕೆಲಸ. ಆದರೆ ಫೋನಿನಲ್ಲಿ ಆರ್ಡರ್ ಮಾಡಿದರೆ ಆ ಒಂದು ನಿಮಿಷ ಯಾರು ಕೊಡುತ್ತಾರೆ?

ನೋವು ಶುರುವಾಗುವುದೂ ತಡವಾಗಿ. ಬಿಗಿ ಲೆನ್ಸಿನಡಿ ಗಂಟೆಗಟ್ಟಲೆ ಉಸಿರು ಕಟ್ಟಿದ ಕಾರ್ನಿಯಾ ತೆಗೆದ ಕೂಡಲೇ ಅಳುವುದಿಲ್ಲ. ರಾತ್ರಿ ಹತ್ತಕ್ಕೆ ತೆಗೆದಿಟ್ಟು ಮಲಗಿದವರು ಒಂದು ಗಂಟೆಗೆ ಎದ್ದು ಕೂರುತ್ತಾರೆ. ಕಣ್ಣಲ್ಲಿ ಮರಳು ಸುರಿದ ಹಾಗಿದೆ ಅನ್ನುತ್ತಾರೆ. "ಹಾಕಿದ್ದಾಗ ಏನೂ ಆಗಿರಲಿಲ್ಲ, ಹಾಗಾಗಿ ಲೆನ್ಸಿಂದ ಇರಲಿಕ್ಕಿಲ್ಲ" ಎಂದು ಮನೆಯವರೇ ತೀರ್ಮಾನ ಮಾಡಿ, ಕಾಡಿಗೆ ಮೇಲೋ ಹೋಮದ ಹೊಗೆಯ ಮೇಲೋ ತಪ್ಪು ಹೊರಿಸಿರುತ್ತಾರೆ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಹಳ ಜನ ಹಾಕುತ್ತಾರೆ, ತೆಗೆಯುತ್ತಾರೆ, ಏನೂ ಆಗುವುದಿಲ್ಲ. ಆದರೆ ಆದಾಗ ಆಗುವುದು ಕಣ್ಣಿನ ಮಧ್ಯದಲ್ಲಿ.

ಒಂದು ಮಾಘ ಮಾಸದಲ್ಲಿ ಬಂದ ಮದುಮಗಳನ್ನು ನಾನು ಮರೆತಿಲ್ಲ. ಕೈಯ ಮೆಹಂದಿ ಇನ್ನೂ ಕಡುಗೆಂಪಾಗಿತ್ತು. ಶನಿವಾರ ಸಂಜೆ ಆರತಕ್ಷತೆಗೆ ಮೇಕಪ್ ಮಾಡುವವರೇ ತಮ್ಮ ಪೆಟ್ಟಿಗೆಯಿಂದ ಗ್ರೇ ಲೆನ್ಸ್ ತೆಗೆದು ಹಾಕಿದ್ದರು. ಹಿಂದಿನ ವಾರ ಬೇರೆ ಮದುಮಗಳಿಗೆ ಹಾಕಿದ್ದು ಅದೇ. "ಪವರ್ ಇಲ್ಲ, ಎಲ್ಲರಿಗೂ ಆಗುತ್ತೆ" ಅಂದರಂತೆ. ಎಲ್ಲ ಮುಗಿದಾಗ ರಾತ್ರಿ ಒಂದು ಗಂಟೆ. ನಾಲ್ಕಕ್ಕೆ ಮತ್ತೆ ಮುಹೂರ್ತದ ಮೇಕಪ್ಪು. ಮೂರು ಗಂಟೆಯ ನಿದ್ದೆಗೆ ಏನು ತೆಗೆಯುವುದು ಅಂತ ಹಾಗೇ ಮಲಗಿದ್ದಾಳೆ. ಭಾನುವಾರ ಸಂಜೆ ಎಡಗಣ್ಣು ಕೆಂಪಾಯಿತು. ಚಿಕ್ಕಪ್ಪ ಮೆಡಿಕಲ್ ಶಾಪಿಗೆ ಹೋಗಿ ಕೆಂಪಾದ ಕಣ್ಣಿಗೆ ಅಂತ ಡ್ರಾಪ್ಸ್ ತಂದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸೋಂಕು ಹತ್ತಿದ ಕಣ್ಣಿಗೆ ಸ್ಟೀರಾಯ್ಡ್ ಹಾಕಿದರೆ ಕೆಂಪು ಸ್ವಲ್ಪ ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಹಬ್ಬುತ್ತದೆ. ಸೋಮವಾರ ನನ್ನೆದುರು ಕೂತಾಗ ಪಾಪೆಯ ಎದುರಿಗೇ ಬಟಾಣಿ ಸಿಪ್ಪೆಯಷ್ಟು ಬಿಳಿ ಮಚ್ಚೆ. ಮೇಲ್ಚರ್ಮ ಕಿತ್ತ ಕಡೆ ಹತ್ತುವ ಫ್ಲೂರೆಸೀನ್ ಅನ್ನುವ ಬಣ್ಣದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟೆ. ಮಚ್ಚೆ ಪೂರ್ತಿ ಹಸಿರಾಗಿ ಹೊಳೆಯಿತು. ಮೇಲ್ಚರ್ಮ ಅಲ್ಲಿ ಉಳಿದೇ ಇರಲಿಲ್ಲ.

ಕೆರೆದು ಲ್ಯಾಬಿಗೆ ಕಳಿಸಿದೆವು. ಸ್ಯೂಡೋಮೋನಾಸ್ ಎಂದು ಬಂತು. ಲೆನ್ಸ್ ಹಾಕುವವರ ಕಣ್ಣಿಗೆ ಬರುವ ಬ್ಯಾಕ್ಟೀರಿಯಾಗಳಲ್ಲಿ ಇದು ತುಂಬ ಕೆಟ್ಟದ್ದು, ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿಬಿಡಬಲ್ಲದು. ಗಂಟೆಗೊಂದು ಸಲ ಡ್ರಾಪ್ಸ್, ಹಗಲೂ ರಾತ್ರಿಯೂ. ಮೂರು ದಿನ ಹಿಂದೆ ತಾಳಿ ಕಟ್ಟಿದ್ದ ಹುಡುಗ ಪಕ್ಕದಲ್ಲೇ ಕೂತಿದ್ದ. ತಮ್ಮದೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಗಂಟೆಗಳನ್ನು ಬರೆದುಕೊಂಡು, ಒಂದೊಂದು ಸಲ ಹಾಕಿದಾಗಲೂ ಟಿಕ್ ಮಾಡಿಕೊಂಡು ಬರುತ್ತಿದ್ದ. ಒಂದು ಟಿಕ್ಕೂ ತಪ್ಪಿರಲಿಲ್ಲ. ಕಣ್ಣು ಉಳಿಯಿತು. ಆದರೆ ಹಳ್ಳಿ ಕಡೆ ಹೂ ಬಿದ್ದಿದೆ ಅಂತಾರಲ್ಲ, ಹಾಗೆ ಮಧ್ಯದಲ್ಲೇ ಬಿಳಿ ಕಲೆ ನಿಂತಿತು. ಆ ಕಣ್ಣಿಗೆ ಬೋರ್ಡಿನ ಮೇಲಿನ ಎರಡು ಸಾಲು ಮಾತ್ರ ಕಾಣುತ್ತದೆ. ಕನ್ನಡಕದಿಂದ ಸರಿಹೋಗುವುದಿಲ್ಲ.

ಅಂಥ ಕಲೆಗೆ ಉಳಿಯುವ ದೊಡ್ಡ ದಾರಿ ಕಾರ್ನಿಯಾ ಕಸಿ. ಕಾರ್ನಿಯಾವನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ, ತೀರಿಕೊಂಡವರ ಮನೆಯವರು ಕೊಡಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರಿನಲ್ಲಿ ಪುನೀತ್ ಅವರು ಹೋದಾಗ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ಕೂರಿಸಿದರು. ಆಮೇಲೆ ರಾಜ್ಯದಲ್ಲಿ ಎಷ್ಟೋ ಜನ ಸಾಲು ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು. ಸಾವಿನ ಮನೆಯಲ್ಲಿ ಅಳು ನಿಲ್ಲುವ ಮೊದಲೇ ಒಪ್ಪಿಗೆ ಕೊಟ್ಟು ಕಳಿಸುವ ಕಣ್ಣು ಅದು. ಹುಟ್ಟಿನಿಂದ ಕಾಣದವರು, ಗದ್ದೆಯಲ್ಲಿ ಪೆಟ್ಟು ತಿಂದವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಆ ಸಾಲಿಗೆ 23 ವರ್ಷದ, ಯಾವ ಕಾಯಿಲೆಯೂ ಇಲ್ಲದಿದ್ದ ಹುಡುಗಿಯನ್ನು ಸೇರಿಸಿ ಚೀಟಿ ಬರೆಯುವಾಗ ನನಗೆ ಆದ ಸಂಕಟ ಇನ್ನೂ ಹೋಗಿಲ್ಲ.

ಈ ತಪ್ಪು ತಿಳಿವಳಿಕೆ ನಮ್ಮವರದ್ದು ಮಾತ್ರ ಅಲ್ಲ. ಅಮೆರಿಕದಲ್ಲೂ ಪವರ್ ಇಲ್ಲದ ಬಣ್ಣದ ಲೆನ್ಸನ್ನು ಸೌಂದರ್ಯದ ಸಾಮಾನು ಎಂದು ನೋಡುವ ಕಾಲ ಇತ್ತು. 2005ರ ನವೆಂಬರಿನಲ್ಲಿ ಕಾನೂನು ಮಾಡಿ, ಪವರ್ ಇರಲಿ ಬಿಡಲಿ, ಎಲ್ಲ ಕಾಂಟ್ಯಾಕ್ಟ್ ಲೆನ್ಸೂ ವೈದ್ಯಕೀಯ ಸಾಧನವೇ ಎಂದು ಸೇರಿಸಿದರು. ಕಣ್ಣಿನ ವೈದ್ಯರ ಚೀಟಿ ಇಲ್ಲದೆ ಅಲ್ಲಿ ಮಾರುವಂತಿಲ್ಲ. ಇಲ್ಲಿ ಬಳೆ, ಬಿಂದಿ ಜೊತೆ ಬಾಡಿಗೆಗೂ ಸಿಗುತ್ತದೆ. 2024ರ ಜುಲೈನಲ್ಲಿ ಹಿಂದಿ ಕಿರುತೆರೆಯ ನಟಿಯೊಬ್ಬರು ದೆಹಲಿಯ ಕಾರ್ಯಕ್ರಮಕ್ಕೆ ಲೆನ್ಸ್ ಹಾಕಿ ಕಾರ್ನಿಯಾಕ್ಕೆ ಗಾಯ ಮಾಡಿಕೊಂಡ ಸುದ್ದಿ ಬಂದಾಗ ನನ್ನಲ್ಲಿಗೆ ಫೋನ್ ಮೇಲೆ ಫೋನ್. ಎರಡು ವಾರದಲ್ಲಿ ಎಲ್ಲ ಮರೆತು ಹೋಯಿತು.

ನನ್ನ ಮೇಜಿನ ಮೇಲೆ ಒಂದು ಡಬ್ಬಿ ಹತ್ತಿ ಕಡ್ಡಿ ಇಟ್ಟಿದ್ದೇನೆ. ಯಾರಾದರೂ ಕಡಿಮೆ ಬೆಲೆಯ ಲೆನ್ಸ್ ತಂದರೆ ಕಡ್ಡಿಯನ್ನು ಒದ್ದೆ ಮಾಡಿ ಅವರೆದುರೇ ನಾಲ್ಕು ಸಲ ಉಜ್ಜುತ್ತೇನೆ. ಒಳ್ಳೆಯದರಲ್ಲಿ ಬಣ್ಣ ಎರಡು ಪದರಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಏನೂ ಬರುವುದಿಲ್ಲ. ಕೆಲವದರಲ್ಲಿ ಹತ್ತಿಗೆ ಬೂದು ಬಣ್ಣ ಹತ್ತುತ್ತದೆ. ಬಣ್ಣ ಮೇಲ್ಮೈಯಲ್ಲೇ ಇದೆ ಅಂತ ಅರ್ಥ. ಅಂಥ ಮೈ ಒರಟಾಗಿರುತ್ತದೆ, ಬ್ಯಾಕ್ಟೀರಿಯಾ ಅಂಟಿಕೊಳ್ಳುವುದಕ್ಕೂ ಸುಲಭ. ಅರ್ಧ ಗಂಟೆ ಬುದ್ಧಿ ಹೇಳಿದರೂ ಒಪ್ಪದವರು ಆ ಹತ್ತಿಯನ್ನು ನೋಡಿ ಸುಮ್ಮನಾಗುತ್ತಾರೆ. ಒಂದು ಹುಡುಗಿ ಕಡ್ಡಿಯನ್ನು ಅಮ್ಮನಿಗೆ ತೋರಿಸಬೇಕು ಅಂತ ಟಿಶ್ಯೂನಲ್ಲಿ ಸುತ್ತಿಕೊಂಡು ಹೋದಳು.

ನೀರಿನ ಬಗ್ಗೆ ಎರಡು ಮಾತು. "ಕುಡಿಯೋ ನೀರಲ್ಲೇ ತೊಳೆದಿದ್ದು, ಫಿಲ್ಟರ್ ನೀರು" ಅನ್ನುತ್ತಾರೆ. ಬೋರ್‌ವೆಲ್, ಸಂಪು, ತಾರಸಿ ಟ್ಯಾಂಕು, ಯಾವುದರ ನೀರೂ ಬೇಡ. ಅಕಾಂತಮೀಬಾ ಅನ್ನುವ ಒಂದು ಜೀವಿ ನೀರಿನಲ್ಲಿರುತ್ತದೆ. ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ, ಕಾರ್ನಿಯಾಕ್ಕೆ ಹೋದರೆ ತಿಂಗಳುಗಟ್ಟಲೆ ಚಿಕಿತ್ಸೆ. ಚಿಪ್ಪು ಕಟ್ಟಿಕೊಂಡು ಕೂತರೆ ಕ್ಲೋರಿನ್ನಿಗೂ ಸಾಯುವುದಿಲ್ಲ. ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುವ ನೆಂಟರಿಂದ ತಂದ ಸಲೈನ್ ಕೂಡ ಲೆನ್ಸ್ ಇಡುವುದಕ್ಕೆ ಆಗುವುದಿಲ್ಲ. ಸಲೈನು ತೊಳೆಯುತ್ತದೆ, ಕ್ರಿಮಿ ಕೊಲ್ಲುವುದಿಲ್ಲ. ಹೋದ ವರ್ಷದ ಮದುವೆಗೆ ಹಾಕಿ ಡಬ್ಬಿಯಲ್ಲಿ ಬಿಟ್ಟದ್ದನ್ನು ಈ ವರ್ಷದ ಮದುವೆಗೆ ತೆಗೆಯಬೇಡಿ. ಒಂದು ದಿನಕ್ಕೆ ಬೇಕಾದರೆ ಒಂದು ದಿನ ಹಾಕಿ ಬಿಸಾಡುವಂಥದ್ದೇ ವಾಸಿ. ಇನ್ನೊಂದು, ಹಾಕಿಕೊಂಡು ರಾತ್ರಿ ಗಾಡಿ ಓಡಿಸಬೇಡಿ. ಲೆನ್ಸಿನ ಮಧ್ಯದ ಬಣ್ಣ ಇಲ್ಲದ ಜಾಗ ಇದ್ದಷ್ಟೇ ಇರುತ್ತದೆ, ಕತ್ತಲಲ್ಲಿ ಪಾಪೆ ಅದಕ್ಕಿಂತ ದೊಡ್ಡದಾಗುತ್ತದೆ. ಅಂಚಿನ ಬಣ್ಣ ನೋಟಕ್ಕೆ ಅಡ್ಡ ಬರುತ್ತದೆ.

ಬಣ್ಣದ ಲೆನ್ಸನ್ನೇ ನಾನು ಬೇಡ ಅನ್ನುತ್ತೇನೆ ಎಂದು ತಿಳಿಯಬೇಡಿ. ನಾನೇ ಹಾಕಿಸುತ್ತೇನೆ. ಹರಿಹರದ ಕಡೆಯ ಒಬ್ಬ ಹುಡುಗನಿಗೆ ಏಳನೇ ವಯಸ್ಸಿನಲ್ಲಿ ಚಿಣ್ಣಿ ಬಡಿದು ಬಲಗಣ್ಣು ಪೂರ್ತಿ ಬೆಳ್ಳಗಾಗಿತ್ತು. ಆ ಕಣ್ಣಿಗೆ ನೋಟ ಇಲ್ಲ. ಕಾಲೇಜಿಗೆ ಸೇರಿದ ಮೇಲೆ ಫೋಟೋದಲ್ಲೆಲ್ಲ ಬಲಗಡೆ ಗೋಡೆಗೆ ತಿರುಗಿ ನಿಲ್ಲುತ್ತಿದ್ದನಂತೆ. ಅವನಿಗೆ ಮಧ್ಯ ಕಪ್ಪು, ಸುತ್ತ ಕಂದು ಇರುವ ಲೆನ್ಸ್ ಮಾಡಿಸಿದೆವು. ನಮ್ಮವರ ಕಂದು ಕಣ್ಣು ಒಂದೇ ಕಂದು ಅಂದುಕೊಳ್ಳುತ್ತೇವೆ. ಕಾಫಿ ಬಣ್ಣ, ಹುಣಸೆ ಬೀಜದ ಬಣ್ಣ, ಹಳೇ ಬೆಲ್ಲದ ಬಣ್ಣ, ಎಷ್ಟೊಂದು ಇವೆ. ಎಡಗಣ್ಣಿಗೆ ಹೊಂದುವಂಥದ್ದು ಸಿಗಲು ಮೂರು ಸಲ ಮಾಡಿಸಬೇಕಾಯಿತು. ಮೂರನೆಯದನ್ನು ಹಾಕಿ ಕಿಟಕಿ ಹತ್ತಿರ ಕನ್ನಡಿ ಕೊಟ್ಟಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆ ಲೆನ್ಸಿಗೂ ಪವರ್ ಇಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗುತ್ತಾನೆ.

ಹೋದ ತಿಂಗಳು ತಂಗಿಯನ್ನೂ ಕರೆದುಕೊಂಡು ಬಂದಿದ್ದ. ಅವಳಿಗೆ ನಿಶ್ಚಿತಾರ್ಥಕ್ಕೆ ಹನಿ ಕಲರ್ ಬೇಕಂತೆ. "ಪವರ್ ಇಲ್ಲದ್ದು ಅಲ್ವಾ, ಇಲ್ಲಿಗೆ ಯಾಕೆ?" ಎಂದು ಅವಳು ಹೊರಗೆ ಬೆಂಚಿನ ಮೇಲೆ ಗೊಣಗುತ್ತಿದ್ದದ್ದು ನನಗೆ ಕೇಳಿಸಿತು. "ನನ್ನದಕ್ಕೂ ಇಲ್ಲ ಕಣೇ, ಮೊದ್ಲು ಅಳತೆ ತಗೋತಾರೆ, ಕೂತ್ಕೋ" ಅಂದ ಅಣ್ಣ. ಮೇಲ್ರೆಪ್ಪೆ ಮಗುಚಿ ನೋಡಿದೆ. ಒಳಗೆಲ್ಲ ಅಲರ್ಜಿಯ ಗಂಟು. ಧೂಳಿಗೆ ಕಣ್ಣು ಉಜ್ಜಿಕೊಳ್ಳುವ ಅಭ್ಯಾಸ ಇದೆಯಂತೆ. ಈಗಲೇ ಆಗುವುದಿಲ್ಲ ಎಂದೆ. ಮುಖ ಸಣ್ಣದಾಯಿತು. ಡ್ರಾಪ್ಸ್ ಬರೆದುಕೊಟ್ಟಿದ್ದೇನೆ. ನಿಶ್ಚಿತಾರ್ಥ ಕಾರ್ತೀಕದಲ್ಲಿ, ಇನ್ನೂ ಸಮಯ ಇದೆ. ಗಂಟು ಇಳಿದರೆ ಒಂದು ದಿನದ ಲೆನ್ಸು ಹಾಕಿ ನೋಡೋಣ, ಇಳಿಯದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದ್ದೇನೆ.