ಕಲ್ಲು ಬಯಲಿಗೆ ಬಂದದ್ದು ಯಾವಾಗ?

"ಈ ಕಲ್ಲಿಗೆ ಎಷ್ಟು ವಯಸ್ಸು?" ಹಿಮನದಿ ಬಿಟ್ಟುಹೋದ ಬಂಡೆಯ ಫೋಟೊ ತೋರಿಸಿದಾಗೆಲ್ಲ ಜನ ಮೊದಲು ಕೇಳುವುದು ಇದನ್ನೇ. ಯಾವ ವಯಸ್ಸು ಎಂದು ನಾನು ತಿರುಗಿ ಕೇಳುತ್ತೇನೆ. ಆ ಗ್ರಾನೈಟ್ ಹುಟ್ಟಿ ಕೋಟ್ಯಂತರ ವರ್ಷಗಳಾಗಿರಬಹುದು. ಹಿಮ ಅದನ್ನು ಬೆಟ್ಟದಿಂದ ಕಿತ್ತು ಹೊತ್ತು ತಂದದ್ದು ಇನ್ಯಾವಾಗಲೋ. ಹಿಮ ಕರಗಿ ಅದು ಬಯಲಿಗೆ ಬಂದದ್ದು ಮತ್ತೊಂದು ದಿನ. ನಮಗೆ ಬೇಕಾದದ್ದು ಆ ಕೊನೆಯ ದಿನ. ಸಂಖ್ಯೆ ಹೇಗೋ ಸಿಗುತ್ತದೆ. ಅದು ಯಾವ ಘಟನೆಯ ಸಂಖ್ಯೆ ಎಂದು ತಿಳಿಯುವುದೇ ಈ ಕೆಲಸದಲ್ಲಿ ಕಷ್ಟ.

ಕೊನೆಯ ಹಿಮಯುಗ ತನ್ನ ತುತ್ತತುದಿ ಮುಟ್ಟಿದ್ದು ಸುಮಾರು 26,000ದಿಂದ 19,000 ವರ್ಷಗಳ ಹಿಂದೆ. ಆಗ ನೆಲದ ಮೇಲೆ ಎಷ್ಟು ನೀರು ಹಿಮವಾಗಿ ನಿಂತಿತ್ತೆಂದರೆ, ಸಮುದ್ರದ ಮಟ್ಟ ಇಂದಿಗಿಂತ 120 ಮೀಟರಿಗೂ ಜಾಸ್ತಿ ಕೆಳಗಿತ್ತು. ಆಮೇಲೆ ಹಿಮನದಿಗಳು ಹಿಂದೆ ಸರಿದವು. ಹಿಂದೆ ಸರಿಯುವುದು ಎಂದರೆ ಹಿಮ ತಿರುಗಿ ಬೆಟ್ಟ ಹತ್ತಿತು ಎಂದಲ್ಲ. ಹಿಮನದಿ ಆಗಲೂ ಕೆಳಕ್ಕೇ ಹರಿಯುತ್ತಿರುತ್ತದೆ. ತುದಿಯಲ್ಲಿ ಬಂದು ಸೇರುವುದಕ್ಕಿಂತ ಕರಗುವುದು ಜಾಸ್ತಿಯಾದಾಗ ಆ ತುದಿ ಮಾತ್ರ ಹಿಂದಕ್ಕೆ ಹೋಗುತ್ತದೆ. ನಡುವೆ ಕೆಲವು ಕಾಲ ಒಂದೇ ಕಡೆ ನಿಂತರೆ, ತಂದ ಕಲ್ಲು ಮಣ್ಣನ್ನೆಲ್ಲ ಅಲ್ಲೇ ಸುರಿದು ದಿಬ್ಬ ಕಟ್ಟುತ್ತದೆ. ಆ ದಿಬ್ಬಕ್ಕೆ ಮೊರೇನ್ ಎನ್ನುತ್ತೇವೆ. ಒಂದರ ಹಿಂದೊಂದು ಬಿಲ್ಲಿನಾಕಾರದ ಮೊರೇನ್‌ಗಳಿರುವ ಕಣಿವೆ ನೋಡಿದರೆ, ಹಿಮದ ತುದಿ ಎಲ್ಲೆಲ್ಲಿ ನಿಂತಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ. ಯಾವಾಗ ನಿಂತಿತ್ತು ಎಂಬುದು ಮಾತ್ರ ಕಾಣುವುದಿಲ್ಲ.

ಅದಕ್ಕೆ ದಿಬ್ಬದ ನೆತ್ತಿಯ ಮೇಲಿನ ದೊಡ್ಡ ಬಂಡೆಗಳ ಹತ್ತಿರ ಹೋಗುತ್ತೇವೆ. ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು ಬಿಡುವಿಲ್ಲದೆ ಭೂಮಿಯ ಮೇಲೆ ಸುರಿಯುತ್ತವೆ. ಅವುಗಳಿಂದ ಹುಟ್ಟಿದ ನ್ಯೂಟ್ರಾನ್‌ಗಳು ಬೆಣಚುಕಲ್ಲಿನೊಳಗಿನ ಆಮ್ಲಜನಕದ ಪರಮಾಣುವಿಗೆ ಬಡಿದು ಒಡೆದಾಗ, ಆ ಚೂರುಗಳಲ್ಲಿ ಕೆಲವು ಬೆರಿಲಿಯಂ-10 ಎಂಬ ವಿಕಿರಣಶೀಲ ಪರಮಾಣುಗಳಾಗುತ್ತವೆ. ಸಮುದ್ರಮಟ್ಟದಲ್ಲಿ, ಧ್ರುವಗಳ ಕಡೆಯ ಅಕ್ಷಾಂಶಗಳಲ್ಲಿ, ಒಂದು ಗ್ರಾಂ ಬೆಣಚುಕಲ್ಲಿನಲ್ಲಿ ವರ್ಷಕ್ಕೆ ಹುಟ್ಟುವುದು ಸುಮಾರು 4 ಪರಮಾಣು. ಇಷ್ಟೇ! ಇದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕಳೆದುಹೋಗಲು ಹಿಡಿಯುವ ಕಾಲ, ಸುಮಾರು 13.9 ಲಕ್ಷ ವರ್ಷ. ಹಾಗಾಗಿ ಹದಿನೈದು ಇಪ್ಪತ್ತು ಸಾವಿರ ವರ್ಷದಲ್ಲಿ ಕಳೆದುಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಮೇಲೆ ದಪ್ಪ ಹಿಮ ಕೂತಿದ್ದರೆ ಕಿರಣ ಕೆಳಗೆ ತಲುಪುವುದಿಲ್ಲ, ಗಡಿಯಾರ ನಿಂತಿರುತ್ತದೆ. ಹಿಮ ಹೋದ ದಿನದಿಂದ ಅದು ಓಡತೊಡಗುತ್ತದೆ.

ಸ್ಯಾಂಪಲ್ ತೆಗೆಯುವ ಕೆಲಸ ನೋಡಿದವರಿಗೆ ಬೇಜಾರು ಬರಬಹುದು. ಬಂಡೆಯ ಸುತ್ತ ನಾಲ್ಕು ಸಲ ನಡೆಯುತ್ತೇನೆ. ಬುಡ ಅಲುಗಾಡುತ್ತಿದೆಯೇ? ಪಕ್ಕದ ಇಳಿಜಾರಿನಿಂದ ಉರುಳಿ ಬಂದಿರಬಹುದೇ? ನೆತ್ತಿಯ ಮೇಲೆ ಹಿಮ ಉಜ್ಜಿದ ನುಣುಪು ಉಳಿದಿದೆಯೇ? ಎಲ್ಲ ಸರಿಯಿದ್ದರೆ ಕಲ್ಲುಹೂವು ಕೆರೆದು, ಉಳಿ ಸುತ್ತಿಗೆ ಹಿಡಿದು, ನೆತ್ತಿಯ ಮೇಲಿನ ಕೆಲವೇ ಸೆಂಟಿಮೀಟರ್ ದಪ್ಪದ ಚಕ್ಕೆಗಳನ್ನು ಎಬ್ಬಿಸುತ್ತೇನೆ. ಸುತ್ತಲಿನ ಬೆಟ್ಟಗಳು ಆಕಾಶವನ್ನು ಎಷ್ಟು ಮರೆಮಾಡಿವೆ ಎಂದು ಕೋನ ಅಳೆದು ಬರೆದುಕೊಳ್ಳುತ್ತೇನೆ, ಯಾಕೆಂದರೆ ಬೆಟ್ಟ ತಡೆದ ಕಿರಣ ಕಲ್ಲಿಗೆ ಬಿದ್ದಿರುವುದಿಲ್ಲ. ಶುರುವಿನ ದಿನಗಳಲ್ಲಿ ಒಮ್ಮೆ ಆತುರ ಮಾಡಿದ್ದೆ. ಸಂಜೆಯಾಗುತ್ತಿತ್ತು, ಚಕ್ಕೆ ಸುಲಭವಾಗಿ ಎದ್ದು ಬಂತು ಎಂದು ಖುಷಿಯಿಂದ ಚೀಲಕ್ಕೆ ತುಂಬಿಕೊಂಡೆ. ವಾಪಸ್ ಬಂದು ಫೋಟೊ ನೋಡಿದಾಗ ಎದೆ ಧಸಕ್ಕೆಂದಿತು. ಆ ಬಂಡೆಯ ಮೇಲ್ಮೈ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಉದುರುತ್ತಿತ್ತು. ಹೆಚ್ಚು ಪರಮಾಣು ಇದ್ದ ಹೊರಪದರ ಯಾವಾಗಲೋ ಬಿದ್ದುಹೋಗಿತ್ತು. ಅಂಥ ಕಲ್ಲು ತನ್ನ ನಿಜವಾದ ವಯಸ್ಸಿಗಿಂತ ಚಿಕ್ಕದಾಗಿ ತೋರುತ್ತದೆ. ಸುಲಭವಾಗಿ ಏಳುವ ಚಕ್ಕೆಯನ್ನು ಅಂದಿನಿಂದ ನಾನು ನಂಬುವುದಿಲ್ಲ.

ಲ್ಯಾಬಿನಲ್ಲಿ ಕಲ್ಲನ್ನು ಪುಡಿಮಾಡಿ, ಆಮ್ಲಗಳಲ್ಲಿ ತೊಳೆದು ತೊಳೆದು, ಬೆಣಚು ಮಾತ್ರ ಉಳಿಸಿಕೊಳ್ಳುತ್ತೇವೆ. ಕೊನೆಗೆ ಅದನ್ನೂ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತೇವೆ. ಒಂದು ಲೆಕ್ಕ ಹಾಕಿ ನೋಡೋಣ. ಸಮುದ್ರಮಟ್ಟದ ಕಲ್ಲು 15,000 ವರ್ಷ ಬಯಲಲ್ಲಿದ್ದರೆ ಗ್ರಾಂಗೆ ಸುಮಾರು 60,000 ಪರಮಾಣು. 20 ಗ್ರಾಂ ಬೆಣಚಿನಲ್ಲಿ ಒಟ್ಟು 12 ಲಕ್ಷ. ಇಷ್ಟು ಕಡಿಮೆ ಬೆರಿಲಿಯಂ ಕೈಗೆ ಸಿಗುವುದಿಲ್ಲ. ಅದಕ್ಕೇ ಅಳತೆ ಗೊತ್ತಿರುವ ಸಾಮಾನ್ಯ ಬೆರಿಲಿಯಂ-9 ಅನ್ನು ಕಾಲು ಮಿಲಿಗ್ರಾಂ ಬೆರೆಸುತ್ತೇವೆ. ಆಗ 14 ಲಕ್ಷ ಕೋಟಿ ಬೆರಿಲಿಯಂ-9 ಪರಮಾಣುಗಳ ನಡುವೆ ನಮಗೆ ಬೇಕಾದ ಬೆರಿಲಿಯಂ-10 ಒಂದು ಇರುತ್ತದೆ. ಆ ಒಂದನ್ನು ಹುಡುಕಿ ಎಣಿಸುವುದು ಪರಮಾಣುಗಳನ್ನು ತೂಕ ನೋಡಿ ಬೇರ್ಪಡಿಸುವ, ವೇಗವರ್ಧಕ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ. ಎಷ್ಟು ವರ್ಷವಾದರೂ ಈ ಎಣಿಕೆ ನನಗೆ ಮಾಮೂಲು ಅನ್ನಿಸಿಲ್ಲ.

ಒಂದೇ ದಿಬ್ಬದ ಐದು ಬಂಡೆಗಳಲ್ಲಿ ನಾಲ್ಕು 15,000 ವರ್ಷದ ಆಸುಪಾಸು ಬಂದು, ಐದನೆಯದು 24,000 ಎಂದಿತು ಅಂದುಕೊಳ್ಳಿ. ಸರಾಸರಿ ತೆಗೆದರೆ ಮುಗಿಯಿತಲ್ಲ ಎನ್ನುತ್ತಾರೆ ಕೆಲವರು. ಹಾಗೆ ಮಾಡಬಾರದು. ಕಿರಣದ ಪ್ರಭಾವ ಬಂಡೆಯೊಳಗೆ ಪ್ರತಿ 60 ಸೆಂಟಿಮೀಟರಿಗೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಹಳೆಯ ಗಡಿಯಾರ ಸೊನ್ನೆಗೆ ಬರಬೇಕಾದರೆ ಹಿಮ ಆ ಬಂಡೆಯಿಂದ ಎರಡು ಮೂರು ಮೀಟರ್ ಕೆತ್ತಿ ತೆಗೆದಿರಬೇಕು. ಐದನೇ ಕಲ್ಲು ಬಹುಶಃ ಬೆಟ್ಟದ ಗೋಡೆಯಲ್ಲಿ ಮೊದಲೇ ಬಯಲಲ್ಲಿ ಇದ್ದು, ಹಿಮದ ಮೇಲೆ ಬಿದ್ದು, ಹಾಗೇ ಸವಾರಿ ಮಾಡಿಕೊಂಡು ಬಂದಿರಬೇಕು. ಅದು ಹಳೆಯ ಬಾಕಿಯ ಜೊತೆಗೇ ಬಂದ ಕಲ್ಲು. ಇದಕ್ಕೆ ವಿರುದ್ಧವಾಗಿ, ದಿಬ್ಬದ ಮಣ್ಣು ನಿಧಾನಕ್ಕೆ ಕೊಚ್ಚಿಹೋದಂತೆ ಒಳಗೆ ಹೂತಿದ್ದ ಬಂಡೆ ತಡವಾಗಿ ತಲೆ ಎತ್ತಿದ್ದರೆ, ವಯಸ್ಸು ಕಡಿಮೆ ಬರುತ್ತದೆ. ಎರಡೂ ಲೆಕ್ಕ ಸರಿಯೇ. ಎರಡೂ ಹಿಮ ಹೋದ ದಿನದ ಲೆಕ್ಕವಲ್ಲ.

ಸತ್ತ ಜೀವಿಯಲ್ಲಿ ನಿಧಾನಕ್ಕೆ ಕಡಿಮೆಯಾಗುತ್ತ ಹೋಗುವ ಇಂಗಾಲ-14ರಿಂದ ವಯಸ್ಸು ಅಳೆಯುವ ಕಥೆಯೂ ಹೀಗೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮಿಷಿಗನ್ ಸರೋವರದ ದಡದ ಟೂ ಕ್ರೀಕ್ಸ್ ಎಂಬಲ್ಲಿ, ಹಿಮಯುಗದ ಕಾಡೊಂದು ಮಣ್ಣಿನಡಿ ಹೂತಿದೆ. ಹಿಮ ಹಿಂದೆ ಸರಿದಾಗ ಅಲ್ಲಿ ಮರಗಳು ಬೆಳೆದವು. ಹಿಮ ಮತ್ತೆ ಮುಂದೆ ಬಂದಾಗ ಅವು ಹೂತುಹೋದವು. ಆ ಘಟನೆಗೆ 25,000 ವರ್ಷವಾದರೂ ಆಗಿರಬೇಕು ಎಂಬ ಅಂದಾಜು ಮೊದಲು ಬಳಕೆಯಲ್ಲಿತ್ತು. ಈ ವಿಧಾನವನ್ನು ಕಂಡುಹಿಡಿದ ವಿಲ್ಲರ್ಡ್ ಲಿಬ್ಬಿ ತಂಡ ಆ ಮರವನ್ನು ಅಳೆದಾಗ ಸಿಕ್ಕಿದ್ದು ಸುಮಾರು 11,400 ಇಂಗಾಲ-ವರ್ಷ, ಅಂದರೆ ತಿದ್ದುಪಡಿ ಮಾಡದ ಇಂಗಾಲ-14ರ ಲೆಕ್ಕ. ಇಂದಿನ ತಿದ್ದುಪಡಿಯ ನಂತರ ಅದು 13,000 ಮತ್ತು 14,000ದ ನಡುವೆ ನಿಲ್ಲುತ್ತದೆ. ಅಂದಾಜು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೆ ಮರ ಹೇಳುವುದು ತಾನು ಬದುಕಿದ್ದ ಕಾಲವನ್ನು. ಹಿಮ ಹೋಗಿ, ಮಣ್ಣು ಕೂತು, ಬೀಜ ಬಂದು ಮೊಳೆಯುವವರೆಗಿನ ಸಮಯ ಅದರಲ್ಲಿ ಸೇರಿಲ್ಲ. ಕೆರೆಯ ತಳದ ಮೊದಲ ಎಲೆಯೂ ಅಷ್ಟೇ: "ಇಷ್ಟರೊಳಗೆ ಹಿಮ ಹೋಗಿತ್ತು" ಎನ್ನುತ್ತದೆ, ಎಂದು ಹೋಯಿತು ಎನ್ನುವುದಿಲ್ಲ. ಸುತ್ತ ಸುಣ್ಣದ ಕಲ್ಲಿದ್ದರಂತೂ ಹಳೆಯ ಇಂಗಾಲ ನೀರಿಗೆ ಸೇರಿ, ಅಲ್ಲಿ ಬೆಳೆದ ಜಲಸಸ್ಯಗಳ ವಯಸ್ಸು ಸುಮ್ನೆ ಏರುತ್ತದೆ.

ವರ್ಷ ವರ್ಷ ಎಣಿಸುವ ಆಸೆ ಈಡೇರಿದ್ದು ಸ್ವೀಡನ್ನಿನಲ್ಲಿ. ಹಿಮದ ಮುಂದಿನ ನೀರಿನಲ್ಲಿ ಬೇಸಿಗೆಯಲ್ಲಿ ತಿಳಿಬಣ್ಣದ ಹೂಳು ಬಂದು ಕೂರುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಅದರ ಮೇಲೆ ಕಪ್ಪು ಜೇಡಿಯ ತೆಳು ಪದರ. ಎರಡೂ ಸೇರಿ ಒಂದು ವರ್ಷ. ಅಲ್ಲಿನ ಭೂವಿಜ್ಞಾನಿ ಯೆರಾರ್ಡ್ ದೆ ಯೇರ್ 1878ರಲ್ಲೇ ಇದು ಮರದ ಉಂಗುರದಂತಿದೆಯಲ್ಲ ಎಂದು ಗಮನಿಸಿದರು. ಮುಂದೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಗದದ ಪಟ್ಟಿಗಳ ಮೇಲೆ ಪದರಗಳನ್ನು ಗುರುತು ಮಾಡಿಸಿ, ಒಂದೂರಿನ ಪಟ್ಟಿಯನ್ನು ಇನ್ನೊಂದೂರಿನ ಪಟ್ಟಿಗೆ ಹೊಂದಿಸಿದರು. ಇದರ ಸೊಗಸು ತಳದ ಪದರದಲ್ಲಿದೆ. ಹಿಮ ಇದ್ದ ಜಾಗದಲ್ಲಿ ಹೂಳು ಕೂರುವಂತಿಲ್ಲ. ಹಾಗಾಗಿ ಒಂದು ಜಾಗದ ಅತಿ ಕೆಳಗಿನ ಪದರವೇ ಅಲ್ಲಿಂದ ಹಿಮ ಹೋದ ವರ್ಷ. ಉತ್ತರಕ್ಕೆ ಸ್ವಲ್ಪ ನಡೆದರೆ ಆ ಪದರ ಕಾಣುವುದಿಲ್ಲ, ಅದರ ಮೇಲಿನದು ತಳಕ್ಕೆ ಬಂದಿರುತ್ತದೆ. ಅಷ್ಟು ದೂರಕ್ಕೆ ಒಂದು ವರ್ಷ! ಇಷ್ಟು ನೇರವಾಗಿ ಹಿಮದ ತುದಿಯನ್ನೇ ತೋರಿಸುವ ವಿಧಾನ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಜೋಡಣೆಯಲ್ಲಿ ನೂರಾರು ವರ್ಷ ತಪ್ಪಿಹೋಗಿದ್ದವು ಎಂಬುದು ಮುಂದೆ ಗ್ರೀನ್‌ಲ್ಯಾಂಡಿನ ಹಿಮದ ಪದರಗಳೊಂದಿಗೆ ಹೋಲಿಸಿದಾಗ ಗೊತ್ತಾಯಿತು.

ನಮ್ಮ ಬೆರಿಲಿಯಂ ಲೆಕ್ಕವೂ ತಿದ್ದುಪಡಿಯಾಗಿದೆ. 2010ರ ಸುಮಾರಿಗೆ, ಬೇರೆ ವಿಧಾನಗಳಿಂದ ವಯಸ್ಸು ಚೆನ್ನಾಗಿ ಗೊತ್ತಿದ್ದ ಜಾಗಗಳಲ್ಲಿ ಅಳೆದು, ಪರಮಾಣು ಹುಟ್ಟುವ ವೇಗವನ್ನು ಕೆಳಕ್ಕೆ ಇಳಿಸಲಾಯಿತು. ಕಲ್ಲಿನಲ್ಲಿದ್ದ ಪರಮಾಣು ಅಷ್ಟೇ. ಆದರೆ ಅಷ್ಟು ತುಂಬಲು ಹಿಡಿದ ಕಾಲ ಶೇಕಡಾ 10ರ ಆಸುಪಾಸು ಹೆಚ್ಚಾಯಿತು. 12,500 ವರ್ಷ ಎಂದು ಬರೆದಿದ್ದ ದಿಬ್ಬ 13,700ಕ್ಕೆ ಹೋಯಿತು. ಇದು ಚಿಕ್ಕ ವಿಷಯ ಅನ್ನಿಸುತ್ತೆ, ಅಲ್ವಾ? ಉತ್ತರ ಗೋಳದಲ್ಲಿ ಚಳಿ ಮರಳಿ ಬಂದ 'ಯಂಗರ್ ಡ್ರೈಯಸ್' ಕಾಲ 12,900ರಿಂದ 11,700 ವರ್ಷ ಹಿಂದಿನದು. ಅಂಟಾರ್ಕ್ಟಿಕದ ಕಡೆ ಚಳಿ ಮರಳಿದ್ದು ಅದಕ್ಕೂ ಮೊದಲು, ಸುಮಾರು 14,700ರಿಂದ 13,000 ವರ್ಷಗಳ ಹಿಂದೆ. ಅಂದರೆ ದಕ್ಷಿಣ ಗೋಳದಲ್ಲಿ ಒಂದು ದಿಬ್ಬದ ಕಾರಣವೇ ಬದಲಾಗಬಹುದು.

ಈಗ ಇದೇ ಲೆಕ್ಕವನ್ನು ನಮ್ಮ ಕಣ್ಣೆದುರೇ ಹಿಮ ಬಿಟ್ಟುಹೋಗುತ್ತಿರುವ ಬಂಡೆಗಳಿಗೂ ಹಾಕುತ್ತಿದ್ದಾರೆ. ಹಿಮಯುಗ ಮುಗಿದ ಮೇಲೆ ಆ ಜಾಗ ಹಿಂದೊಮ್ಮೆ ಬಯಲಾಗಿದ್ದರೆ ಕಲ್ಲಿನಲ್ಲಿ ಪರಮಾಣುಗಳು ಕೂಡಿರಬೇಕು. ದಕ್ಷಿಣ ಅಮೆರಿಕದ ಆಂಡೀಸ್‌ನ ಉಷ್ಣವಲಯದ ನಾಲ್ಕು ಹಿಮನದಿಗಳ ಅಂಚಿನ ಬಂಡೆಗಳನ್ನು ಹೀಗೆ ಅಳೆದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಬೆರಿಲಿಯಂ-10, ಮತ್ತು ಅದರಂತೆಯೇ ಕಿರಣಗಳಿಂದ ಕಲ್ಲಿನೊಳಗೆ ಹುಟ್ಟುವ ಇಂಗಾಲ-14, ಎರಡನ್ನೂ ನೋಡಿದ್ದರು. ಎರಡೂ ಸೊನ್ನೆಗೆ ಹತ್ತಿರ. ಕಳೆದ 11,700 ವರ್ಷಗಳಲ್ಲಿ ಆ ಬಂಡೆಗಳ ಮೇಲಿಂದ ಹಿಮ ಸರಿದದ್ದು ಇದೇ ಮೊದಲು.