ಬೀಟೆ–ಹಾಲೆ ಬೋಗುಣಿ: ಸಂದು ಬಿಡುವುದು ಯಾಕೆ?

ಬೀಟೆ ಮತ್ತು ಹಾಲೆಮರದ ತುಂಡುಗಳನ್ನು ಜೋಡಿಸಿ ಬಳೆ ಕಟ್ಟಿ, ಬಳೆಗಳನ್ನು ಒಂದರ ಮೇಲೊಂದು ಅಂಟಿಸಿ ಕಡೆದ ಬೋಗುಣಿ ಕೆಲವೇ ತಿಂಗಳಲ್ಲಿ ಸಂದು ಬಿಟ್ಟರೆ ಎಲ್ಲರೂ ಅಂಟನ್ನು ದೂರುತ್ತಾರೆ. ಅಂಟಿನ ತಪ್ಪು ಅಪರೂಪ. ಗರಗಸದ ಕೋನವೋ, ಮರದ ತೇವವೋ, ತಳದ ಹಲಗೆಯೋ ಕೈಕೊಟ್ಟಿರುತ್ತದೆ. ಮೂರೂ ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಹತ್ತಿರ ಹೋಗುವ ಮೊದಲೇ ಆಗಿಹೋಗುವ ಕೆಲಸಗಳು.

ಮೊದಲು ಮರದ ಆಯ್ಕೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರ ದಂತದ ಬಣ್ಣದ್ದು, ಎಳೆ ನಯ. ಕಡಿದ ಮೇಲೆ ಹಸಿಯಾಗಿಯೇ ಬಿಟ್ಟರೆ ನೀಲಿಗಪ್ಪು ಕಲೆ ಕೂರುತ್ತದೆ, ಕೊಳ್ಳುವಾಗ ತುದಿ ಕೊಯ್ಸಿ ನೋಡಿ. ಹಲಸು ಹೊಸದರಲ್ಲಿ ಅರಿಶಿನದಂತಿದ್ದರೂ ಬೆಳಕಿಗೆ ಕಂದಾಗುತ್ತ ಹೋಗುತ್ತದೆ. ಅದನ್ನು ತೇಗದ ಜೊತೆ ಕೂಡಿಸಿದರೆ ಕೆಲವು ವರ್ಷಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಬಣ್ಣ ಬೇರೆಯಾದರೆ ಸಾಲದು, ಕಡು–ತಿಳಿ ಬೇರೆಯಾಗಬೇಕು. ಎರಡೂ ತುಂಡನ್ನು ಫೋನಿನಲ್ಲಿ ಕಪ್ಪು–ಬಿಳುಪು ಫೋಟೋ ತೆಗೆದರೆ ತಕ್ಷಣ ಗೊತ್ತಾಗುತ್ತದೆ. ಬೀಟೆ 2017ರಿಂದ, ಅಪಾಯದಲ್ಲಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಪೀಠೋಪಕರಣ ಕೆಲಸದಲ್ಲಿ ಉಳಿದ ಚೂರುಗಳೇ ಬೋಗುಣಿಗೆ ಸಾಕು, ಅವನ್ನೂ ರಸೀದಿ ಸಹಿತವೇ ಕೊಳ್ಳಿ.

ಎರಡು ಮರದ ತೇವವೂ 10–12 ಶೇಕಡದೊಳಗಿರಲಿ, ಒಂದಕ್ಕೂ ಇನ್ನೊಂದಕ್ಕೂ 2ಕ್ಕಿಂತ ಹೆಚ್ಚು ಅಂತರ ಬೇಡ. ಮೀಟರ್ ತೋರಿಸಿದ ಅಂಕಿ ಸರಿಯಿದ್ದರೂ ತುಂಡು ಕೊಯ್ಯಬೇಕಾದ ಪಟ್ಟಿಗಳನ್ನು ಎರಡು ಮೂರು ವಾರ ಒಂದೇ ಕೋಣೆಯಲ್ಲಿಡಿ. ಮಲೆನಾಡಿನ ಮಳೆಗಾಲದಲ್ಲಿ ಅಂಟಿಸಿದ ಬೋಗುಣಿ ಕಲಬುರಗಿಯ ಬೇಸಿಗೆ ಕಾಣಬೇಕಾದೀತು. ಆ ಒಣಹವೆಯನ್ನು ತಾಳುವಂತೆ ಮಾಡುವುದು ಈ ಕಾಯುವಿಕೆಯೇ.

ಈಗ ಲೆಕ್ಕ. ಮುಗಿದಾಗ 200 ಮಿ.ಮೀ. ವ್ಯಾಸ ಬೇಕಿದ್ದರೆ ಬಳೆಯನ್ನು 206ಕ್ಕೆ ಕಟ್ಟಬೇಕು. ಬಳೆಗೆ 12 ತುಂಡು, ಪ್ರತಿ ತುದಿ 15 ಡಿಗ್ರಿ ಓರೆ. ತುಂಡಿನ ಹೊರ ಅಂಚು ವ್ಯಾಸದ 0.268ರಷ್ಟು, ಅಂದರೆ 55.2 ಮಿ.ಮೀ. ಪಟ್ಟಿಯ ಅಗಲ 24, ದಪ್ಪ 18–20. ಪ್ರತಿ ಕಟ್‌ಗೂ ಪಟ್ಟಿಯನ್ನು ಮಗುಚುತ್ತ ಹೋದರೆ ಒಂದು ಬಳೆಗೆ 70 ಸೆಂ.ಮೀ. ಸಾಕು, ಎರಡು ಬಣ್ಣವಾದರೆ ತಲಾ 40 ಸೆಂ.ಮೀ. ಇಟ್ಟುಕೊಳ್ಳಿ.

ಕೋನ ಒಂದು ತುದಿಗೆ 0.1 ಡಿಗ್ರಿ ತಪ್ಪಿದರೆ ಏನಾಗುತ್ತದೆ? ತುದಿಗಳು 24, ಒಟ್ಟು ತಪ್ಪು 2.4 ಡಿಗ್ರಿ. 103 ಮಿ.ಮೀ. ತ್ರಿಜ್ಯದಲ್ಲಿ ಅದು 4 ಮಿ.ಮೀ.ಗೂ ಮೀರಿದ ಬಿರುಕು. ಕ್ಲಾಂಪ್ ಬಿಗಿದು ಮುಚ್ಚಿದರೆ ಆ ಎಳೆತ ಮರದಲ್ಲೇ ಉಳಿದು, ಗೋಡೆ ತೆಳುವಾದಾಗ ಬಿಡುತ್ತದೆ. ಪರಿಹಾರ ಸುಲಭ. ಆರಾರು ತುಂಡುಗಳ ಎರಡು ಅರ್ಧಬಳೆಗಳನ್ನು ಅಂಟಿಸಿ. ಅವು ಎದುರುಬದುರಾಗುವ ಎರಡು ಕಡೆ ಅಂಟು ಹಚ್ಚದೆ ಬೆಂಕಿಕಡ್ಡಿ ಇಟ್ಟು, ಸುತ್ತ ಹೋಸ್ ಕ್ಲಾಂಪ್ (ಪೈಪಿಗೆ ಬಿಗಿಯುವ ಲೋಹದ ಪಟ್ಟಿ) ಬಿಗಿಯಿರಿ. ಒಣಗಿದ ಮೇಲೆ ಗಾಜಿನ ಮೇಲೆ 80 ಗ್ರಿಟ್‌ನ ಒರಟು ಉಪ್ಪುಕಾಗದ ಅಂಟಿಸಿ, ಅರ್ಧಬಳೆಯ ಎರಡೂ ತುದಿ ಒಟ್ಟಿಗೆ ತಾಗುವಂತೆ ಉಜ್ಜಿ. ಎರಡು ಅರ್ಧಗಳನ್ನೂ ಜೋಡಿಸಿ ಬೆಳಕಿಗೆ ಹಿಡಿದರೆ ಸಂದಿನಲ್ಲಿ ಗೆರೆ ಕಾಣಬಾರದು, ಆಮೇಲೆ ಅಂಟಿಸಿ. ಅರ್ಧ ಮಿ.ಮೀ.ಗಿಂತ ಹೆಚ್ಚು ಉಜ್ಜಬೇಕಾಗಿ ಬಂದರೆ ಬಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಗರಗಸವನ್ನೇ ಸರಿಪಡಿಸಿ ಹೊಸದಾಗಿ ಕೊಯ್ಯುವುದು ಮೇಲು.

ಬೀಟೆ ಎಣ್ಣೆಮರ. ಅಂಟಿನ ಮೊದಲು ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಹಚ್ಚಿ. ತುಂಡಿಗೆ ತುಂಡು ಸೇರುವ ಕಡೆ ಎಳೆಯ ತುದಿಗಳೇ ಎದುರಾಗುವುದರಿಂದ ಆ ಸಂದಿಗೆ ಸ್ವಂತ ಬಲ ಕಡಿಮೆ. ಮೊದಲ ಪದರ ಹೀರಿಕೊಳ್ಳಲು ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ನಿಜವಾದ ಬಲ ಬರುವುದು ಮೇಲಿನ ಬಳೆಯನ್ನು ಅರ್ಧ ತುಂಡು, ಅಂದರೆ 15 ಡಿಗ್ರಿ ಸರಿಸಿ, ಗೋಡೆಯ ಇಟ್ಟಿಗೆ ವರಸೆಯಂತೆ ಕೂರಿಸಿದಾಗ. ಕಡೆಯಲು ಕನಿಷ್ಠ 24 ಗಂಟೆ ಕಾಯಿರಿ, ಮಳೆಗಾಲದಲ್ಲಿ ಇನ್ನೂ ಒಂದು ದಿನ.

ಹೆಚ್ಚು ಬೋಗುಣಿಗಳು ಹಾಳಾಗುವುದು ತಳದಲ್ಲಿ. ಬಳೆಯಲ್ಲಿ ಎಳೆ ಸುತ್ತಲೂ ಓಡುತ್ತದೆ, ಉದ್ದಕ್ಕೆ ಮರ ಹಿಗ್ಗುವುದೂ ಕುಗ್ಗುವುದೂ ಅತ್ಯಲ್ಪವಾದ್ದರಿಂದ ವ್ಯಾಸ ಅಲುಗುವುದಿಲ್ಲ. ತಳಕ್ಕೆ ಹಾಕುವ ಇಡೀ ಹಲಗೆ ಮಾತ್ರ ಅಡ್ಡಕ್ಕೆ ಉಸಿರಾಡುತ್ತದೆ. ತೇಗವನ್ನೇ ತೆಗೆದುಕೊಂಡರೂ ತೇವ 5 ಶೇಕಡ ಬದಲಾದರೆ 200 ಮಿ.ಮೀ. ಅಗಲಕ್ಕೆ ಸುಮಾರು 2 ಮಿ.ಮೀ. ವ್ಯತ್ಯಾಸ. ಒಂದೋ ಹಲಗೆ ಸೀಳುತ್ತದೆ, ಇಲ್ಲ ಬಳೆ ಬಾಯಿಬಿಡುತ್ತದೆ. ತಳವನ್ನು 90 ಮಿ.ಮೀ. ಒಳಗೇ ಇಟ್ಟು, ವರ್ಷಬಳೆಗಳು (ಮರ ಬೆಳೆದ ಸುತ್ತುಗೆರೆಗಳು) ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದ ತುಂಡು ಬಳಸಿದರೆ ಆ ವ್ಯತ್ಯಾಸ ಅರ್ಧ ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ.

ಲೇತ್ ಮೇಲಿನ ಕೆಲಸ ಇದರ ಮುಂದೆ ಸಲೀಸು. ತಳಕ್ಕೆ ಬೇರೊಂದು ಮರದ ತುಂಡು ಅಂಟಿಸಿ, ಅದನ್ನು ಲೇತ್‌ನ ಹಿಡಿಕೆಯಾದ ಚಕ್‌ನಲ್ಲಿ ಹಿಡಿಯಿರಿ. 400–500 ಆರ್‌ಪಿಎಂನಲ್ಲಿ ಶುರು, ದುಂಡಾದ ಮೇಲೆ 900–1000. ಹೊರಮೈಯನ್ನು ತಳದಿಂದ ಬಾಯಿಯ ಕಡೆಗೆ, ಒಳಮೈಯನ್ನು ಬಾಯಿಯಿಂದ ತಳದ ಕಡೆಗೆ, ಬೋಗುಣಿ ಕಡೆಯುವ ಉಳಿಯಾದ ಬೌಲ್ ಗೌಜ್‌ನಲ್ಲಿ ತೆಗೆಯಿರಿ. ಬೀಟೆಯ ರಂಧ್ರಗಳಲ್ಲಿ ಸುಣ್ಣದಂಥ ಕಣಗಳಿದ್ದು ಅಂಚು ಬೇಗ ಮೊಂಡಾಗುತ್ತದೆ. ಮೊಂಡು ಉಳಿ ಬೀಟೆಯ ಮೇಲೆ ಹಾರಿ, ಮೆದುವಾದ ಹಾಲೆಯಲ್ಲಿ ಹಳ್ಳ ತೋಡುತ್ತದೆ. ಗೋಡೆ 6–8 ಮಿ.ಮೀ. ಇರಲಿ.

ಉಪ್ಪುಕಾಗದವನ್ನು ಬೆರಳಿನಿಂದ ಒತ್ತಿದರೂ ಅದೇ ಹಳ್ಳ. ಹಿಂದೆ ಗಟ್ಟಿ ತುಂಡು ಇಟ್ಟು ಉಜ್ಜಿ, ಬಿಸಿಯಾಗಲು ಬಿಡಬೇಡಿ, ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಚನ್ನಪಟ್ಟಣದ ಅರಗಿನ ಹೊಳಪು ಎಷ್ಟೇ ಚೆಂದವಿದ್ದರೂ ಈ ಬೋಗುಣಿಗೆ ಬೇಡವೆನ್ನುವುದು ಅದಕ್ಕೇ. ಅರಗು ಕರಗುವುದು ಉಜ್ಜಿದ ಬಿಸಿಗೆ. ಇಡೀ ಮರದಲ್ಲಿ ಕಡೆದದ್ದಕ್ಕೆ ಅದು ಸರಿ. ಬೀಟೆಯ ಹುಡಿ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು, ಮಾಸ್ಕ್ ಇಲ್ಲದೆ ಉಜ್ಜಲೇಬಾರದು.

ಅದೇ ಹುಡಿ ಹಾಲೆಯ ರಂಧ್ರಗಳಿಗೆ ಹೊಕ್ಕು ಬಿಳುಪನ್ನು ಬೂದಿ ಮಾಡುತ್ತದೆ. ಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಒಳಗೆ ಹೋಗುತ್ತದೆ, ಗಾಳಿ ಊದಿ ತೆಗೆಯಬೇಕು. ಬೀಟೆಯ ಬಣ್ಣ ಸ್ಪಿರಿಟ್‌ನಲ್ಲೂ ಕರಗುವುದರಿಂದ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಫ್ರೆಂಚ್ ಪಾಲಿಶ್ ಅನ್ನು ಬಟ್ಟೆಯಲ್ಲಿ ತಿರುಗಿಸಿ ಹಚ್ಚಿದರೆ ನೇರಳೆ ಗೆರೆಗಳು ಬಿಳಿಯ ಮೇಲೆ ಹರಿಯುತ್ತವೆ. ಮೊದಲ ಎರಡು ಪದರ ತೆಳ್ಳಗೆ ಸ್ಪ್ರೇ ಮಾಡಿ, ಅವು ಪೂರ್ತಿ ಒಣಗಿದ ನಂತರವೇ ಬಟ್ಟೆ ಮುಟ್ಟಿಸಿ.