ಉಬ್ಬಿದೆಯಾ, ತಗ್ಗಿದೆಯಾ?

ಹಳೆ ನಾಣ್ಯ ಹಿಡಿದು ಬರುವವರು ಕೂರುವ ಮೊದಲೇ ಕೇಳುತ್ತಾರೆ: "ಇದು ಎರರ್ ಕಾಯಿನ್ ಅಲ್ವಾ?" ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದದ್ದು ಅಲ್ವಾ ಅಂತ ಅದರ ಅರ್ಥ. ಬಹಳ ಸಲ ಅದು ಹಾಗಾಗಿರುವುದಿಲ್ಲ. ಯಾರೋ ಜಜ್ಜಿರುತ್ತಾರೆ, ಯಾರೋ ಅರ ಹಾಕಿರುತ್ತಾರೆ, ಇಲ್ಲವೇ ಆ್ಯಸಿಡ್‌ನಲ್ಲಿ ಅದ್ದಿರುತ್ತಾರೆ. ನೋಡೋಕೆ ವಿಚಿತ್ರವಾಗಿದೆ ಅಂದ ಮಾತ್ರಕ್ಕೆ ಅದು ಟಂಕಸಾಲೆಯ ತಪ್ಪಾಗುವುದಿಲ್ಲ. ನಾಣ್ಯ ತಯಾರಾಗುವಾಗ ಯಾವ ಹಂತದಲ್ಲಿ ಹೀಗಾಗಿರಬಹುದು ಅಂತ ನಾನು ಮೊದಲು ಯೋಚಿಸುತ್ತೇನೆ. ಅಂಥ ಹಂತ ಸಿಗಲಿಲ್ಲ ಅಂದರೆ, ಅದು ಆಮೇಲೆ ಬಿದ್ದ ಗಾಯ.

ಹಂತಗಳೇನೂ ಜಾಸ್ತಿ ಇಲ್ಲ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಅದರ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಏರಿಸುತ್ತಾರೆ. ಆಮೇಲೆ ಕಾಲರ್ ಅನ್ನುವ ಉಂಗುರದೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ತಪ್ಪು ಬಿಲ್ಲೆಯದ್ದಾಗಿರಬೇಕು, ಅಚ್ಚಿನದ್ದಾಗಿರಬೇಕು ಅಥವಾ ಅಚ್ಚು ಒತ್ತುವ ಏಟಿನದ್ದಾಗಿರಬೇಕು.

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿರುವುದು ಒಂದು ಸರಳ ಸಂಗತಿ. ಅಚ್ಚಿನಲ್ಲಿ ತಗ್ಗಿದ್ದದ್ದು ನಾಣ್ಯದಲ್ಲಿ ಉಬ್ಬುತ್ತದೆ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಎದ್ದ ಗೆರೆ ಮೂಡುತ್ತದೆ. ಅಚ್ಚಿಗೆ ತುಕ್ಕು ಹಿಡಿದಿದ್ದರೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತದೆ. ಅಚ್ಚಿನ ಅಂಚಿನ ತುಂಡೇ ಮುರಿದು ಬಿದ್ದರೆ ನಾಣ್ಯದ ಅಂಚಿನಲ್ಲಿ ಒಂದು ಬೋಳು ದಿಬ್ಬ ಏಳುತ್ತದೆ. ಆದರೆ ಬೀಗದ ಕೈ ಗೀರಿದ್ದು ಯಾವತ್ತೂ ತಗ್ಗೇ. ಹಾಗಾಗಿ ಲೆನ್ಸ್ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟು, ಆ ಗೆರೆ ಉಬ್ಬಿದೆಯಾ ತಗ್ಗಿದೆಯಾ ನೋಡಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಅಮೆರಿಕದ 1937ರ ಐದು ಸೆಂಟಿನ ನಾಣ್ಯವನ್ನೇ ನೋಡಿ. ಅದರ ಮೇಲಿನ ಕಾಡುಕೋಣಕ್ಕೆ ನಾಲ್ಕು ಕಾಲು ಇರಬೇಕು. ಡೆನ್ವರ್ ಟಂಕಸಾಲೆಯಲ್ಲಿ ಒಂದು ಅಚ್ಚನ್ನು ಅತಿಯಾಗಿ ಉಜ್ಜಿದ್ದರಿಂದ ಮುಂಗಾಲೊಂದು ಮಾಯವಾಯಿತು. ಮೂರು ಕಾಲಿನ ಈ ನಾಣ್ಯಕ್ಕೆ ಬೇಡಿಕೆ ಬಂದದ್ದೇ ತಡ, ಮಾಮೂಲಿ ನಾಣ್ಯದ ಕಾಲು ಕೆರೆದು ಮಾರುವವರೂ ಹುಟ್ಟಿಕೊಂಡರು. ಆದರೆ ಅಸಲಿ ನಾಣ್ಯದಲ್ಲಿ ಕೋಣದ ಹೊಟ್ಟೆಯಿಂದ ನೆಲದವರೆಗೆ ಉಬ್ಬಿದ ಚುಕ್ಕೆಗಳ ಸಾಲೊಂದಿದೆ. ಹಿಂಗಾಲು ಹುಳು ತಿಂದ ಹಾಗೆ ಕಾಣುತ್ತದೆ. ಕಾಲು ಕೆರೆಯುವುದು ಸುಲಭ, ಉಬ್ಬಿದ ಚುಕ್ಕೆ ಎಬ್ಬಿಸುವುದು ಅಷ್ಟು ಸುಲಭವಲ್ಲ.

ಅಂಚು ಕಚ್ಚಿದಂತಿರುವ ನಾಣ್ಯ ಜನರಿಗೆ ತುಂಬಾ ಇಷ್ಟ. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಆಗಲೇ ಬಿಲ್ಲೆ ತೆಗೆದ ತೂತಿನ ಮೇಲೆ ಬಿಲ್ಲೆ ಕತ್ತರಿಸುವ ಪಂಚ್ ಮತ್ತೆ ಬಿದ್ದರೆ ಅರ್ಧಚಂದ್ರದ ಹಾಗೆ ಒಂದು ಚೂರು ಕಮ್ಮಿಯಾಗುತ್ತದೆ. ಹೊಸಬರು ಆ ಕಚ್ಚನ್ನೇ ನೋಡುತ್ತಾ ಕೂರುತ್ತಾರೆ. ನಾನು ಅದರ ನೇರ ಎದುರಿನ ಅಂಚನ್ನು ನೋಡುತ್ತೇನೆ. ಅಂಚು ಏರಿಸುವ ಯಂತ್ರದಲ್ಲಿ ಬಿಲ್ಲೆ ಎರಡೂ ಕಡೆಯಿಂದ ಒತ್ತಿಸಿಕೊಳ್ಳಬೇಕು. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ. ಅಲ್ಲಿ ಅಂಚು ಮಂಕಾಗಿರುತ್ತದೆ. ಕಚ್ಚಿನ ಪಕ್ಕದ ಅಕ್ಷರಗಳೂ ಖಾಲಿ ಜಾಗದ ಕಡೆ ಸ್ವಲ್ಪ ಎಳೆದ ಹಾಗಿರುತ್ತವೆ. ಮನೆಯಲ್ಲಿ ಕತ್ತರಿಸಿದ್ದಾದರೆ ಅಕ್ಷರ ತಟ್ಟನೆ ತುಂಡಾಗಿರುತ್ತದೆ, ಎದುರಿನ ಅಂಚು ಗಟ್ಟಿಯಾಗಿ ನಿಂತಿರುತ್ತದೆ.

ಶುರುವಿನ ದಿನಗಳಲ್ಲಿ ನಾನೂ ಮೋಸ ಹೋಗಿದ್ದೇನೆ. ನನಗೆ ಸಿಕ್ಕ ನಾಣ್ಯದ ಒಂದು ಬದಿಯಲ್ಲಿ ತಲೆ ಉಬ್ಬಿ, ಇನ್ನೊಂದು ಬದಿಯಲ್ಲಿ ಅದೇ ತಲೆ ಕನ್ನಡಿಯಲ್ಲಿ ಕಂಡ ಹಾಗೆ ತಗ್ಗಿತ್ತು. ಇದಕ್ಕೆ ಬ್ರಾಕೇಜ್ ಅನ್ನುತ್ತಾರೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ತಾನೇ ಅಚ್ಚಾಗಿಬಿಡುತ್ತದೆ. ರೋಮನ್ ಬೆಳ್ಳಿ ದಿನಾರಿಯಸ್‌ಗಳಲ್ಲೂ ಇದು ಕಾಣುತ್ತದೆ. ಕೈಯಲ್ಲಿ ಹಿಡಿದ ಮೇಲಿನ ಅಚ್ಚಿಗೆ ಅಂಟಿದ ನಾಣ್ಯ ಹೊಡೆಯುವವನ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಅದಲ್ಲ. ಎರಡು ನಾಣ್ಯವನ್ನು ವೈಸ್‌ನಲ್ಲಿ, ಅಂದರೆ ತಿರುಪು ತಿರುಗಿಸಿ ಬಿಗಿಯುವ ಹಿಡಿಕೆಯಲ್ಲಿ, ಇಟ್ಟು ಬಿಗಿದದ್ದು. ತಗ್ಗಿದ ತಲೆಯ ಅಡಿಯಲ್ಲಿ ಮೊದಲಿದ್ದ ಚಿತ್ರದ ಅವಶೇಷ ಇತ್ತು, ನಾನು ಖುಷಿಯಲ್ಲಿ ಗಮನಿಸಿರಲಿಲ್ಲ. ಆ ನಾಣ್ಯ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ಅಕ್ಷರ ಎರಡೆರಡಾಗಿ ಕಂಡರೂ ಎಚ್ಚರ. ಅಚ್ಚು ಮಾಡುವಾಗಲೇ ಮಾದರಿಯನ್ನು ಎರಡು ಸಲ, ಎರಡನೇ ಸಲ ಸ್ವಲ್ಪ ಓರೆಯಾಗಿ ಒತ್ತಿದರೆ ಡಬಲ್ ಡೈ. 1955ರ ಅಮೆರಿಕದ ಒಂದು ಸೆಂಟು ಇದಕ್ಕೆ ಹೆಸರುವಾಸಿ. ಅದರಲ್ಲಿ ಎರಡೂ ಅಕ್ಷರ ದುಂಡಾಗಿ, ಪೂರ್ತಿಯಾಗಿ ನಿಲ್ಲುತ್ತವೆ, ಮೂಲೆಗಳಲ್ಲಿ ಸೀಳು ಕಾಣುತ್ತದೆ. ಆದರೆ ಏಟು ಬಿದ್ದ ಮೇಲೆ ಅಚ್ಚು ಅಲುಗಿ ಅಕ್ಷರವನ್ನು ಸವರಿದ್ದರೆ, ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು ಮಾತ್ರ ಇರುತ್ತದೆ, ಅಕ್ಷರವೇ ಸಣ್ಣಗಾಗಿರುತ್ತದೆ. ಇದು ಬೇಕಾದಷ್ಟು ಸಿಗುತ್ತದೆ.

ಅಕ್ಷರ ಮಾಯವಾಗಿದ್ದರೆ ಅಕ್ಕಪಕ್ಕ ನೋಡಿ. ಸವೆತ ಎತ್ತರದ ಜಾಗದಿಂದ ಶುರುವಾಗುತ್ತದೆ. ಕೆನ್ನೆ, ಕೂದಲು ಎಲ್ಲ ಚೂಪಾಗಿದ್ದು ಒಂದೇ ಅಂಕಿ ಮಸುಕಾಗಿದ್ದರೆ, ಅಚ್ಚಿನ ಆ ಗುಳಿಯಲ್ಲಿ ಗ್ರೀಸ್ ತುಂಬಿಕೊಂಡಿತ್ತು ಅನ್ನಬಹುದು.

ಸುತ್ತಿಗೆಯಿಂದ ಹೊಡೆದ ಹಳೇ ಕಾಲದ ನಾಣ್ಯಗಳಿಗೆ ಈ ಲೆಕ್ಕ ಹಾಗೇ ಹಾಕಬೇಡಿ. ಅಲ್ಲಿ ಕಾಲರ್ ಇರಲಿಲ್ಲ. ಚಿತ್ರ ಓರೆ, ಅಂಚು ಸೀಳಿದ್ದು, ಆಕಾರ ಸೊಟ್ಟ, ಇವೆಲ್ಲ ಮಾಮೂಲಿ. ಅಂಥ ನಾಣ್ಯವನ್ನು 'ಆಫ್ ಸೆಂಟರ್ ಎರರ್' (ಚಿತ್ರ ನಡುವಿನಿಂದ ಸರಿದ ತಪ್ಪು) ಅಂತ ಮಾರುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಲೆನ್ಸ್ ಬೇಕೇ ಆಗದ ತಪ್ಪೂ ಉಂಟು. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಇಸವಿಯನ್ನು ಹಿಂಬದಿಯಿಂದ ಮುಂಬದಿಗೆ ತಂದರು. ಹಳೆ ಮುಂಬದಿಯ ಅಚ್ಚಿಗೆ ಹೊಸ ಹಿಂಬದಿ ಜೋಡಿಯಾಗಿ, ಇಸವಿಯೇ ಇಲ್ಲದ ನಾಣ್ಯ ಹೊರಬಿತ್ತು.

ತಕ್ಕಡಿ ಮತ್ತು ಆಯಸ್ಕಾಂತ ಮಾತ್ರ ಹತ್ತಿರ ಇರಲಿ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಅಮೆರಿಕ ತನ್ನ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆಯಿತು. ತಾಮ್ರದ ಕೆಲವು ಹಳೆ ಬಿಲ್ಲೆಗಳೂ ನುಸುಳಿಕೊಂಡವು. ಉಕ್ಕಿನದ್ದು ಸುಮಾರು 2.7 ಗ್ರಾಂ, ತಾಮ್ರದ್ದು 3.11 ಗ್ರಾಂ. ಉಕ್ಕಿಗೆ ತಾಮ್ರ ಲೇಪಿಸಿದ ನಕಲಿಯನ್ನು ಆಯಸ್ಕಾಂತ ಹಿಡಿದುಬಿಡುತ್ತದೆ. 1948ರ ಎಂಟನ್ನು ಕೆರೆದು ಮೂರು ಮಾಡಿದ್ದರೆ ಹಿಡಿಯುವುದಿಲ್ಲ. ಆಗ ಮತ್ತೆ ಲೆನ್ಸೇ ಗತಿ.

ಮೊನ್ನೆ ಒಬ್ಬರು ಫಳಫಳ ಹೊಳೆಯುವ ನಾಣ್ಯ ತಂದರು. ಚೆನ್ನಾಗಿ ಕಾಣಲಿ ಅಂತ ಪಾಲಿಷ್ ಹಾಕಿ ಉಜ್ಜಿದ್ದರು. ಡಬಲ್ ಡೈ ಆಗಿತ್ತೋ ಏನೋ, ಸೀಳು ಇರಬೇಕಾದ ಮೂಲೆಗಳೇ ಸವೆದುಹೋಗಿದ್ದವು. ಲೆನ್ಸ್ ಕೆಳಗಿಟ್ಟು ನಾಣ್ಯ ವಾಪಸ್ ಕೊಟ್ಟೆ.